ಎರಡು ಸೆಕೆಂಡು ತಡವಾಗಿ ತಿರುಗಿದ ದೀಪ

ಪೀಣ್ಯ

ನಾನು ಮೊದಲ ಸಲ ದೇಶ ಬಿಟ್ಟು ಹೋದದ್ದು ಒಂದು ತಪ್ಪನ್ನು ಒಪ್ಪಿಕೊಳ್ಳುವುದಕ್ಕೆ. ಸಮುದ್ರ, ರೈಲು, ದೀಪಸ್ತಂಭ ಎಲ್ಲವೂ ಅದರ ಜೊತೆಗೆ ಸಿಕ್ಕಿದವು.

ಪೀಣ್ಯದ ಎರಡನೇ ಹಂತದಲ್ಲಿ ಹನ್ನೊಂದು ಜನ ಕೆಲಸ ಮಾಡುವ ಒಂದು ಗಿಯರ್ ಶೆಡ್ಡಿದೆ. ಅಲ್ಲಿ ಇಪ್ಪತ್ತಾರು ವರ್ಷದಿಂದ ಇನ್‌ಸ್ಪೆಕ್ಷನ್ ಮೇಜು ನನ್ನದು. ನಾನು ಅಳತೆ ನೋಡಿ ಸಹಿ ಹಾಕಿದ ಮೇಲೆಯೇ ಮಾಲು ಗೇಟು ದಾಟಬೇಕು. ಕಳೆದ ವರ್ಷ ಶ್ರೀಲಂಕಾದಿಂದ ಮರದ ಪುಟ್ಟ ಪೆಟ್ಟಿಗೆಯಲ್ಲಿ ಒಂದು ಹಳೆಯ ಕಂಚಿನಂಥ ಗನ್‌ಮೆಟಲ್ ಲೋಹದ ಗಿಯರು ಬಂತು. ಎರಡು ಹಲ್ಲು ಮುರಿದಿದ್ದವು. ಜೊತೆಗೊಂದು ಪತ್ರ: ಇದು ದಕ್ಷಿಣ ತೀರದ ಹಳೆಯ ದೀಪಸ್ತಂಭದ್ದು, ದೀಪದ ಸುತ್ತಲಿನ ದೊಡ್ಡ ಗಾಜನ್ನು ತಿರುಗಿಸುವ ಯಂತ್ರದ್ದು, ಇದೇ ರೀತಿ ಇನ್ನೊಂದು ಬೇಕು.

ಹಡಗುಗಳಿಗೆ ದಾರಿ ತೋರಿಸುವ ಕೆಲಸವನ್ನು ಅಲ್ಲಿ ಈಗ ಹೊರಗಿನ ಸಣ್ಣ ವಿದ್ಯುತ್ ದೀಪ ಮಾಡುತ್ತದೆ. ಹಳೆಯ ಯಂತ್ರ ದಶಕಗಳಿಂದ ನಿಂತಿದೆ. ಊರಿನವರು ಸಮಿತಿ ಮಾಡಿಕೊಂಡು ಅದನ್ನು ಮತ್ತೆ ತಿರುಗಿಸಲು ಹೊರಟಿದ್ದರು.

ಗಿಯರು ಕತ್ತರಿಸುವವರು ನಮ್ಮ ಬಸಣ್ಣ. ಬಾಗಲಕೋಟೆ ಕಡೆಯವರು, ಮೂವತ್ತು ವರ್ಷದಿಂದ ಲಗ್ಗೆರೆಯಲ್ಲಿ ಬಾಡಿಗೆ ಮನೆ. ಅವರು ಆ ಹಳೆಯ ಗಿಯರಿನ ಮೇಲೆ ಉಗುರು ಆಡಿಸಿ ನನ್ನ ಮೇಜಿಗೆ ತಂದರು.

"ಅಕ್ಕಾರ, ಈ ಹಲ್ಲು ತಿಂದೈತ್ರಿ. ಒಂದ ಕಡೆ ಕೊಕ್ಕಿ ಆಗೈತಿ ನೋಡ್ರಿ. ಹಿಂಗ ಕಾಪಿ ಹೊಡದ್ರ ಅಲ್ಲಿ ಕೂಡೂದಿಲ್ಲ."

"ಸ್ಯಾಂಪಲ್ ಹೆಂಗಿದೆಯೋ ಹಂಗೇ ಬೇಕು ಅಂತ ಬರ್ದಿದ್ದಾರೆ ಬಸಣ್ಣ. ನಮಗ್ಯಾಕೆ ಉಸಾಬರಿ?" ಎಂದೆ. ಆ ದಿನ ಮೇಜಿನ ಮೇಲೆ ಬೇರೆ ನಾನೂರು ಪೀಸು ಕಾಯುತ್ತಿದ್ದವು. ಬಸಣ್ಣ ಮಾತು ಬೆಳೆಸಲಿಲ್ಲ. ಸವೆದ ಹಲ್ಲನ್ನು ಸವೆದ ಹಾಗೆಯೇ ಕತ್ತರಿಸಿಕೊಟ್ಟರು, ನಾನು ಸಹಿ ಹಾಕಿದೆ.

ತಿಂಗಳ ನಂತರ ಮೊಬೈಲಿಗೊಂದು ವಿಡಿಯೊ ಬಂತು. ಆಳೆತ್ತರದ ಗಾಜು ಗೇಣುದ್ದ ತಿರುಗಿ, ಟಕ್ಕೆಂದು ಸದ್ದು ಮಾಡಿ ನಿಂತುಬಿಡುತ್ತದೆ. ಅದನ್ನು ನೋಡಿದ ಕೂಡಲೇ ನನಗೆ ಬಸಣ್ಣನ ಉಗುರು ನೆನಪಾಯಿತು. ಆದರೂ ಮೇಲ್ ಬರೆದೆ: ಗಿಯರು ಸ್ಯಾಂಪಲ್ಲಿಗೆ ಸರಿಯಾಗಿದೆ, ನಿಮ್ಮ ಜೋಡಣೆಯಲ್ಲಿ ತಪ್ಪಿರಬಹುದು.

ಮೂರು ವಾರ ಕಳೆದ ಮೇಲೆ ನಿಲ್ಮಿಣಿ ಎಂಬ ಶಾಲಾ ಶಿಕ್ಷಕಿ ಫೋನ್ ಮಾಡಿದಳು. ದೂರು ಹೇಳಲಿಲ್ಲ. ಅವಳ ತಂದೆ ಗುಣದಾಸ ಆ ಸ್ತಂಭದ ನಿವೃತ್ತ ದೀಪಪಾಲಕ, ವಯಸ್ಸು ಎಪ್ಪತ್ತೊಂಬತ್ತು. "ಅಪ್ಪ ಏಳು ಸಲ ಬಿಚ್ಚಿ ಜೋಡಿಸಿದ್ದಾರೆ. ಎಲ್ಲಿ ತಪ್ಪುತ್ತಿದ್ದೇನೆ ಅಂತ ನಿಮ್ಮನ್ನು ಕೇಳಲು ಹೇಳಿದರು" ಎಂದಳು, ಇಂಗ್ಲಿಷಿನಲ್ಲಿ, ತುಂಬಾ ಮರ್ಯಾದೆಯಿಂದ. ನಾನು ನಾಳೆ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಆ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಲು ಮನಸ್ಸಾಗಲಿಲ್ಲ.

ನಮ್ಮ ಓನರ್ ಮುನಿರಾಜು ಒಳ್ಳೆಯ ಮನುಷ್ಯರು. ಶೆಡ್ಡು ನಿಂತಿರುವುದು ಅವರ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ. ತಪ್ಪು ನಮ್ಮದು, ಅಲ್ಲಿಗೇ ಹೋಗಿ ಸರಿಮಾಡಿ ಬರಬೇಕು ಎಂದು ಅವರಿಗೆ ಹೇಳಿದೆ. "ಇನ್ನೊಂದ್ ಪೀಸ್ ಹೊಡ್ದು ಕೊರಿಯರ್ ಮಾಡ್ಬುಡಿ ಮೇಡಂ. ಅದುಕ್ಯಾಕೆ ಸಮುದ್ರ ದಾಟ್ಬೇಕು?" ಎಂದರು.

"ಅದೂ ಕೂಡ್ಲಿಲ್ಲಂದ್ರ?" ಎಂದು ಬಸಣ್ಣ ಕೇಳಿದರು. "ಎದುರು ಗಾಲಿ ಹೆಂಗ ಸವದೈತೋ ನಾವು ನೋಡಿಲ್ರಿ. ಹಲ್ಲು ಒಂಚೂರು ದಪ್ಪ ಇಟ್ಟು ಒಯ್ಬೇಕು. ಅಲ್ಲೇ ಕೂಡಿಸಿ, ನೋಡಿ, ಉಜ್ಜಬೇಕು."

ಬಸಣ್ಣ ಎಂಟು ವರ್ಷದ ಹಿಂದೆ ದುಬೈ ಆಸೆಯಿಂದ ಮಾಡಿಸಿಟ್ಟ ಪಾಸ್‌ಪೋರ್ಟಿನಲ್ಲಿ ಇನ್ನೂ ಒಂದು ಮುದ್ರೆಯೂ ಬಿದ್ದಿರಲಿಲ್ಲ. ನಾವೇ ಬಂದು ನೋಡುತ್ತೇವೆ ಎಂದಷ್ಟೇ ನಿಲ್ಮಿಣಿಗೆ ತಿಳಿಸಿ, ಹಲ್ಲು ದಪ್ಪವಿಟ್ಟು ಕತ್ತರಿಸಿದ ಹೊಸ ಗಿಯರು ಹಿಡಿದು ನಾವಿಬ್ಬರೂ ಹೊರಟೆವು.

ಕೊಲಂಬೊ

ಮೊದಲ ಎಡವಟ್ಟು ಬೆಂಗಳೂರಿನಲ್ಲೇ ಆಯಿತು. ಗಿಯರಿನ ಹಲ್ಲುಗಳು ಎಲ್ಲೆಲ್ಲಿ ತಾಗುತ್ತವೆಂದು ತಿಳಿಯಲು ನಾವು ನೀಲಿ ಪೇಸ್ಟ್ ಹಚ್ಚುತ್ತೇವೆ. ತಾಗಿದ ಕಡೆ ಬಣ್ಣ ಎದುರಿನ ಹಲ್ಲಿಗೆ ಅಂಟುತ್ತದೆ. ಆ ಪೇಸ್ಟನ್ನು ಹಳೆಯ ಔಷಧಿ ಡಬ್ಬಿಗೆ ತುಂಬಿ, ಮೇಲೆ ಹೆಸರು ಕೂಡ ಬರೆಯದೆ, ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದು ಏನೆಂದು ವಿವರಿಸಲು ಹೋಗಿ ನಾನೇ ತೊದಲಿದೆ. ಡಬ್ಬಿ ಅಲ್ಲೇ ಉಳಿಯಿತು. ಗಿಯರನ್ನು ಮಾತ್ರ ತಪಾಸಣೆಗೆ ನಿಂತಿದ್ದ ಹೆಣ್ಣುಮಗಳು ಎರಡೂ ಕೈಯಲ್ಲಿ ಹಿಡಿದು ನೋಡಿ, "ಚೆನ್ನಾಗಿದೆ ಮೇಡಂ, ದೇವರಿಗಾ?" ಎಂದು ಕೇಳಿ ಕೊಟ್ಟಳು.

ಕೊಲಂಬೊದಲ್ಲಿ ಬಸಣ್ಣ ಪ್ರತಿಯೊಂದು ಬೋರ್ಡಿನ ಮುಂದೆ ನಿಲ್ಲತೊಡಗಿದರು. ಸಿಂಹಳ ಅಕ್ಷರಗಳು ದುಂಡಗೆ ನಮ್ಮ ಅಕ್ಷರದ ದಾಯಾದಿಗಳಂತೆ ಕಾಣುತ್ತವೆ. ಇನ್ನೇನು ಓದಿಬಿಟ್ಟೆ ಅನ್ನುವಷ್ಟರಲ್ಲಿ ಕೈಕೊಡುತ್ತವೆ. "ಕನ್ನಡಕ ಮರತು ಬಂದಂಗ ಆಗೈತ್ರಿ ಅಕ್ಕಾರ" ಎಂದರು. ಅವರಿಗೆ ಹಿಡಿಸಿದ್ದು ಇನ್ನೊಂದು. ಆಟೋದವರು, ಹೋಟೆಲಿನವರು, ಪೊಲೀಸಿನವರು, ಯಾರನ್ನು ಏನು ಕೇಳಿದರೂ ತಲೆಯಾಡಿಸಿ "ಹರಿ ಹರಿ" ಅನ್ನುತ್ತಿದ್ದರು. ಎಷ್ಟು ದೈವಭಕ್ತರಪ್ಪಾ ಎಂದು ಬಸಣ್ಣ ಕೈಮುಗಿಯುತ್ತಿದ್ದರು. ಅದು ನಮ್ಮ "ಸರಿ ಸರಿ" ಎಂದು ತಿಳಿದದ್ದು ಮರುದಿನ. ಅಷ್ಟರಲ್ಲಿ ಅರ್ಧ ಕೊಲಂಬೊಗೆ ನಮಸ್ಕಾರ ಸಂದಿತ್ತು.

ಕರಾವಳಿಯ ರೈಲು

ದಕ್ಷಿಣಕ್ಕೆ ಹೋಗುವ ರೈಲು ಸಮುದ್ರದ ಅಂಚಿನಲ್ಲೇ ಓಡುತ್ತದೆ. ಬಾಗಿಲುಗಳನ್ನು ಯಾರೂ ಮುಚ್ಚುವುದಿಲ್ಲ. ಚಿಕ್ಕಬಾಣಾವರದಲ್ಲಿ ರೈಲು ಹತ್ತುವವಳಾದ ನನಗೆ ಬಾಗಿಲಲ್ಲಿ ನೇತಾಡುವುದು ಹೊಸದಲ್ಲ. ಆದರೆ ಇಲ್ಲಿ ನೇತಾಡುವವರಿಗೆ ಅವಸರವಿರಲಿಲ್ಲ. ಮುಖಕ್ಕೆ ಗಾಳಿ ಬಿಟ್ಟುಕೊಂಡು ಸುಮ್ಮನೆ ನಿಂತಿದ್ದರು.

ಬಸಣ್ಣ ಸಮುದ್ರ ನೋಡಿದ್ದು ಅದೇ ಮೊದಲು. ಕಿಟಕಿಯ ಸರಳನ್ನು ಉಗುರಿನಿಂದ ಕೆರೆದು, "ಈ ಗಾಳಿಗೆ ಕಬ್ಬಿಣ ಹೆಂಗ ತಡೀತೈತ್ರಿ?" ಎಂದರು.

ಒಬ್ಬ "ವಡೇ ವಡೇ" ಎಂದು ಕೂಗುತ್ತ ಬಂದ. ಇಡೀ ದಿನದಲ್ಲಿ ಅರ್ಥವಾದ ಮೊದಲ ಮಾತೆಂದು ಬಸಣ್ಣ ಖುಷಿಯಿಂದ ಎರಡು ಕೊಂಡರು. ಕಾಗದ ಬಿಚ್ಚಿದರೆ ಕಡಲೆಬೇಳೆ ವಡೆಯ ನಡುವೆ ಮೀಸೆ ಸಮೇತ ಒಂದೊಂದು ಸಿಗಡಿ ಕೂತಿದೆ! ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಮನುಷ್ಯ ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಕಲ್ಲಾದರು. ಎದುರು ಸೀಟಿನ ಅಜ್ಜಿ ಸಂಗತಿ ಅರ್ಥ ಮಾಡಿಕೊಂಡಳು. ಕೈಚಾಚಿ ಎರಡೂ ಸಿಗಡಿ ಕಿತ್ತು ಬಾಯಿಗೆ ಹಾಕಿಕೊಂಡು, ವಡೆಗಳನ್ನು ಮಾತ್ರ ಬಸಣ್ಣನಿಗೆ ಮರಳಿಸಿ, "ಹರಿ" ಎಂದಳು. ಅವಳ ಮುಖದಲ್ಲಿ ಅಷ್ಟು ಅಕ್ಕರೆಯಿತ್ತು. ಬಸಣ್ಣ ಅವಳು ಇಳಿದುಹೋಗುವ ತನಕ ವಡೆಯನ್ನು ಹಾಗೇ ಹಿಡಿದುಕೊಂಡು ಕೂತಿದ್ದರು, ಎಸೆದರೆ ಬೇಜಾರಾದಾಳೆಂದು.

ನನಗೆ ನಗು ಬಂತು. ಆದರೆ ಒಳಗೆ ಒಂದು ವಾಕ್ಯ ತಿರುಗುತ್ತಲೇ ಇತ್ತು: ಮೊದಲು ಏನು ಹೇಳಲಿ?

ದೀಪಪಾಲಕನ ಮನೆ

ಸಣ್ಣ ನಿಲ್ದಾಣದಲ್ಲಿ ತಂದೆ ಮಗಳು ಇಬ್ಬರೂ ಕಾಯುತ್ತಿದ್ದರು. ಗುಣದಾಸ ಎತ್ತರದ, ತೆಳುವಾದ ಮನುಷ್ಯ. ಬಿಳಿ ಅಂಗಿ, ಬಿಳಿ ಪಂಚೆ. ಬಲಗಾಲನ್ನು ಎಳೆದು ಹಾಕುತ್ತಿದ್ದರು. ನನ್ನ ಚೀಲವನ್ನು ತಾವೇ ಹಿಡಿಯಲು ಬಂದರು, ನಾನು ಬಿಡಲಿಲ್ಲ.

ಮನೆ ದೀಪಸ್ತಂಭದ ಬುಡದಲ್ಲೇ ಇತ್ತು. ಅಲ್ಲಿ ಹಾಲಿಲ್ಲದ ಟೀ ಕೊಡುತ್ತಾರೆ, ಸಕ್ಕರೆಯೂ ಹಾಕಿರುವುದಿಲ್ಲ. ಅಂಗೈಗೆ ಒಂದು ತುಂಡು ತಾಳೆಬೆಲ್ಲ ಕೊಡುತ್ತಾರೆ, ಕಚ್ಚಿಕೊಂಡು ಕುಡಿಯಬೇಕು. ಬೆಲ್ಲ ಕೈಯಲ್ಲಿ ಕರಗುತ್ತಿತ್ತು. ಅಷ್ಟರಲ್ಲಿ ಗುಣದಾಸ ಒಂದು ನೋಟ್‌ಬುಕ್ ತಂದು ನನ್ನ ಮುಂದಿಟ್ಟರು. ಏಳು ಸಲ ಜೋಡಿಸಿದ್ದರ ಏಳು ಚಿತ್ರಗಳು. ಪ್ರತಿ ತಿರುಪಿಗೂ ನಂಬರು. ಕೊನೆಯ ಪುಟದಲ್ಲಿ ಕೆಂಪು ಶಾಯಿಯ ಪ್ರಶ್ನೆಚಿಹ್ನೆ. ಬೆರಳಿಟ್ಟು ನನ್ನ ಮುಖ ನೋಡಿದರು.

"ಇವರ ಜೋಡಣೆಯಲ್ಲಿ ತಪ್ಪಿಲ್ಲ" ಎಂದೆ ನಿಲ್ಮಿಣಿಗೆ. "ಮೊದಲ ಸಲವೇ ಸರಿಯಿತ್ತು. ತಪ್ಪು ನಮ್ಮ ಗಿಯರಿನದು. ಸವೆದ ಹಲ್ಲಿನ ಕಾಪಿ ಮಾಡಿ ಕಳಿಸಿದೆವು. ಬಸಣ್ಣ ಬೇಡವೆಂದರು. ನಾನು ಕೇಳಲಿಲ್ಲ."

ಅವಳು ಅದನ್ನು ಸಿಂಹಳದಲ್ಲಿ ಹೇಳಿದಳು. ಮುದುಕರು ಕನ್ನಡಕ ತೆಗೆದು ನೋಟ್‌ಬುಕ್ಕಿನ ಮೇಲಿಟ್ಟರು. ಒಂದು ಚಿಕ್ಕ ಪ್ರಶ್ನೆ ಕೇಳಿದರು. ನಿಲ್ಮಿಣಿ ಅನುವಾದಿಸಲು ಹಿಂಜರಿದಳು.

"ಹೇಳಮ್ಮ, ಪರವಾಗಿಲ್ಲ" ಎಂದೆ.

"ನಮ್ಮ ಜೋಡಣೆ ತಪ್ಪು ಅಂತ ಮೇಲ್ ಬರೆಯುವಾಗ ನಿಮಗೆ ಇದು ಗೊತ್ತಿತ್ತಾ, ಅಂತ ಕೇಳ್ತಿದ್ದಾರೆ."

ಗೊತ್ತಿರಲಿಲ್ಲ ಎನ್ನಬಹುದಿತ್ತು. ಬಸಣ್ಣ ಕೂಡ ಏನೂ ಹೇಳುತ್ತಿರಲಿಲ್ಲ.

"ಅನುಮಾನ ಇತ್ತು" ಎಂದೆ. "ನನ್ನ ಸಹಿ ಇದ್ದ ಕೆಲಸ. ಹೆದರಿಕೆಯಾಯಿತು."

ಗುಣದಾಸ ಎದ್ದು ಒಳಗೆ ಹೋದರು. ಪರದೆ ಅಲುಗಾಡಿ ನಿಂತಿತು. ಆಗ ನಿಲ್ಮಿಣಿ ಉಳಿದದ್ದನ್ನು ಹೇಳಿದಳು. ಯಂತ್ರ ತಿರುಗಿಸಿ ನೋಡುವ ದಿನ ಊರಿಗೆ ಊರೇ ಬಂದಿತ್ತಂತೆ. ಎಲ್ಲರ ಕಣ್ಣೆದುರೇ ಗಾಜು ನಿಂತುಬಿಟ್ಟಿತಂತೆ. ಆಮೇಲೆ ಸಮಿತಿಯ ಸಭೆಯಲ್ಲಿ ನನ್ನ ಮೇಲನ್ನು ಗಟ್ಟಿಯಾಗಿ ಓದಿದರಂತೆ. "ವಯಸ್ಸಾಯಿತು, ವಿಶ್ರಾಂತಿ ತಗೊಳ್ಳಲಿ ಅಂತ ಅಪ್ಪನಿಂದ ಮೇಲಿನ ಕೋಣೆಯ ಬೀಗದ ಕೈ ವಾಪಸ್ ತಗೊಂಡರು. ನಲವತ್ತು ವರ್ಷ ಅವರ ಸೊಂಟದಲ್ಲಿದ್ದ ಬೀಗದ ಕೈ. ಈಗ ಮೇಲೆ ಹೋಗಬೇಕಾದಾಗಲೆಲ್ಲ ಸಮಿತಿಯ ಅಧ್ಯಕ್ಷರ ಮನೆಗೆ ಹೋಗಿ ಕೇಳಿಕೊಂಡು ಬರ್ತಾರೆ."

ಬಸಣ್ಣನಿಗೆ ನಾನು ಕನ್ನಡದಲ್ಲಿ ಹೇಳಿದೆ. ಅವರು ಬೆಲ್ಲದ ಕೈಯನ್ನು ಪಂಚೆಗೆ ಒರೆಸಿಕೊಂಡು, "ಮುಂಜಾನೆ ಲಗೂನ ಚಾಲೂ ಮಾಡೂಣ್ರಿ" ಎಂದರು.

ಮೇಲಿನ ಕೋಣೆ

ಬೆಳಿಗ್ಗೆ ಗುಣದಾಸ ಬೀಗದ ಕೈ ಕೇಳಿ ತಂದಿದ್ದರು. ನನ್ನೊಡನೆ ಮಾತಿಲ್ಲ. ನಿಲ್ಮಿಣಿ ಅವರ ಮಾತನ್ನು ತಲುಪಿಸಿದಳು: ಮೊದಲು ಕೆಲಸವಾಗಲಿ. ಆದರೆ ನಿನ್ನೆ ನನ್ನೊಬ್ಬನಿಗೆ ಹೇಳಿದ್ದು ಸಾಲದು. ಅಂದು ಆ ಮೇಲನ್ನು ಕೇಳಿಸಿಕೊಂಡವರ ಎದುರಿಗೂ ಹೇಳಬೇಕು.

"ಹೇಳ್ತೀನಿ" ಎಂದೆ.

ಸುರುಳಿ ಮೆಟ್ಟಿಲು ಹತ್ತುವಾಗ ಅವರು ಪ್ರತಿ ಕಿಟಕಿಯ ಬಳಿ ನಿಂತು ಮೊಣಕಾಲು ಒತ್ತಿಕೊಳ್ಳುತ್ತಿದ್ದರು. ಈ ಮೆಟ್ಟಿಲುಗಳನ್ನು ಹತ್ತಿ, ಇಳಿದು, ಏಳು ಸಲ ಯಂತ್ರ ಬಿಚ್ಚಿದ್ದಾರೆ ಎಂಬುದು ಫೋನಿನಲ್ಲಿ ಕೇಳಿದಾಗ ಬರೀ ಒಂದು ಸಂಖ್ಯೆಯಾಗಿತ್ತು. ನಾಲ್ಕನೇ ಕಿಟಕಿಯ ಹೊತ್ತಿಗೆ ನನಗೆ ತಲೆ ಎತ್ತಲು ಆಗಲಿಲ್ಲ.

ಮೇಲೆ ಹೋದರೆ ಗಾಜು! ಒಂದು ದೊಡ್ಡ ಜೇನುಗೂಡಿನೊಳಗೆ ನಿಂತ ಹಾಗೆ. ಪದರ ಪದರವಾಗಿ ಕೂರಿಸಿದ ಗಾಜಿನ ಪಟ್ಟಿಗಳ ಪ್ರತಿ ಅಂಚಿನಲ್ಲಿ ಸಮುದ್ರ ತಲೆಕೆಳಗಾಗಿ ಕಾಣುತ್ತಿತ್ತು. ಅದರ ಕೆಳಗೆ ಹಿತ್ತಾಳೆ ಯಂತ್ರ. ಸ್ತಂಭದ ನಡುವಿನ ಕೊಳವೆಯಲ್ಲಿ ಭಾರವಾದ ಗುಂಡೊಂದು ನಿಧಾನವಾಗಿ ಇಳಿಯುತ್ತದೆ, ಆ ಎಳೆತದಿಂದ ಗಾಲಿಗಳು ತಿರುಗುತ್ತವೆ. ಕರೆಂಟಿಲ್ಲ, ಎಣ್ಣೆಯ ಎಂಜಿನ್ನಿಲ್ಲ. ಬಸಣ್ಣ ಚಪ್ಪಲಿ ಹೊರಗೆ ಬಿಟ್ಟು ಬಂದರು.

ನೀಲಿ ಪೇಸ್ಟ್ ಇಲ್ಲದ್ದು ಆಗ ನೆನಪಾಯಿತು. ನನ್ನ ಪರ್ಸಿನಲ್ಲಿ ಕುಂಕುಮದ ಭರಣಿಯಿತ್ತು. ನಿಲ್ಮಿಣಿ ಮನೆಯಿಂದ ತೆಂಗಿನೆಣ್ಣೆ ತಂದಳು. ಎರಡನ್ನೂ ಕಲೆಸಿ ಬಸಣ್ಣ ಬೆರಳಲ್ಲಿ ತೆಳ್ಳಗೆ ಹಚ್ಚಿದರು. ಗಿಯರು ಕೂಡಿಸಿ ಒಂದು ಸುತ್ತು ತಿರುಗಿಸಿ ತೆಗೆದರೆ ಮೂರು ಹಲ್ಲಿನ ತುದಿಯಲ್ಲಿ ಮಾತ್ರ ಕೆಂಪು ಅಳಿಸಿತ್ತು. ಅಷ್ಟನ್ನೇ ಸಣ್ಣ ಅರದಿಂದ ಉಜ್ಜಿದರು. ಮತ್ತೆ ಹಚ್ಚಿ, ಮತ್ತೆ ಕೂಡಿಸಿ, ಮತ್ತೆ ತೆಗೆದು.

ಎಷ್ಟು ಸಲ ಎಂದು ನಾನು ಎಣಿಸಲಿಲ್ಲ. ಗಮನವೆಲ್ಲ ಆ ಇಬ್ಬರ ಮೇಲಿತ್ತು. ಬಸಣ್ಣ ಕನ್ನಡದಲ್ಲಿ, ಗುಣದಾಸ ಸಿಂಹಳದಲ್ಲಿ, ಇಬ್ಬರೂ ನಿಲ್ಲಿಸದೆ ಮಾತಾಡುತ್ತಿದ್ದರು.

"ಇಲ್ಲಿ ಒಂಚೂರು ಬಿಗಿ ಐತ್ರಿ ಯಜಮಾನ್ರ, ಹೌದಲ್ರಿ?"

ಗುಣದಾಸ ಗಾಲಿಯ ಮೇಲೆ ಕಿವಿಯಿಟ್ಟು ಏನೋ ಹೇಳಿ ಎರಡು ಬೆರಳು ತೋರಿಸಿದರು.

"ಎರಡ ಹಲ್ಲಿನ ಹಿಂದರೀ? ಹಾಂ, ಅದ ಅದ!"

ನಾನೂ ನಿಲ್ಮಿಣಿಯೂ ಅನುವಾದ ಮಾಡಲು ಕೂತಿದ್ದವರು. ನಮ್ಮನ್ನು ಯಾರೂ ಕೇಳಲಿಲ್ಲ.

ಊಟಕ್ಕೆ ಇಳಿಯಲಿಲ್ಲ. ಒತ್ತು ಶಾವಿಗೆ, ಕಾಯಿ ಚಟ್ನಿ ಮೇಲಕ್ಕೇ ಬಂತು. ಬಸಣ್ಣ ಮೀನು ಮುಟ್ಟುವುದಿಲ್ಲವೆಂದು ಹಿಂದಿನ ರಾತ್ರಿಯೇ ತಿಳಿದಿದ್ದ ಗುಣದಾಸ ಚಟ್ನಿಯನ್ನು ಅವರ ತಟ್ಟೆಯಿಂದ ಸರಿಸಿ, ಕೈಯನ್ನು ಮೀನಿನ ಹಾಗೆ ಆಡಿಸಿ ತೋರಿಸಿದರು. ಒಣಮೀನಿನ ಪುಡಿ ಬೆರೆತಿತ್ತು. ಬಸಣ್ಣ ಬರೀ ಶಾವಿಗೆ ತಿಂದು, ತೃಪ್ತಿಯಿಂದ "ಹರಿ ಹರಿ" ಎಂದರು. ಮುದುಕರ ತುಟಿ ಸ್ವಲ್ಪ ಅರಳಿತು.

ಮೂರು ಗಂಟೆಯ ಹೊತ್ತಿಗೆ ಕುಂಕುಮ ಎಲ್ಲ ಹಲ್ಲಿನ ನಡುಭಾಗದಲ್ಲಿ ಸಮನಾಗಿ ಅಳಿಸತೊಡಗಿತು. ಗುಣದಾಸ ಗಾಜಿನ ಚೌಕಟ್ಟಿಗೆ ಒಂದು ಬೆರಳು ತಾಗಿಸಿ ಮೆಲ್ಲನೆ ತಳ್ಳಿದರು. ಅಷ್ಟು ಭಾರದ ಗಾಜು ನೀರಿನ ಮೇಲೆ ತೇಲಿದಂತೆ ಒಂದು ಸುತ್ತು ಹೋಗಿ ಬಂತು.

ಸಮಿತಿಯ ಮುಂದೆ

ಮಾರನೆಯ ಸಂಜೆ ಸ್ತಂಭದ ಬುಡದಲ್ಲಿ ಹದಿನೈದು ಇಪ್ಪತ್ತು ಜನ ಸೇರಿದರು. ಮುಂದೆ ಸಮಿತಿಯ ಅಧ್ಯಕ್ಷರು, ನನಗಿಂತ ಕಿರಿಯರು, ನಯವಾದ ಮನುಷ್ಯ. ನಾನು ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಜನರ ಕೆಲಸಕ್ಕೆ ಕೆಂಪು ಚೀಟಿ ಅಂಟಿಸಿದ್ದೇನೆ. ಅದನ್ನು ಜನರ ಮುಂದೆ ನನಗೆ ನಾನೇ ಅಂಟಿಸಿಕೊಂಡದ್ದು ಅದೇ ಮೊದಲು. ಇಂಗ್ಲಿಷಿನ ಸುಲಭ ಪದಗಳೂ ಸಿಗಲಿಲ್ಲ. ಹಿಂದೆ ನಿಂತಿದ್ದ ಬಸಣ್ಣ ಮೆಲ್ಲಗೆ, "ಕನ್ನಡದಾಗ ಹೇಳ್ರಿ ಅಕ್ಕಾರ, ನಾ ಅದೀನಿ" ಎಂದರು. ಆಮೇಲೆ ಮಾತು ಬಂತು. ಕನ್ನಡದಲ್ಲಿ ಒಂದು ಸಲ ಹೇಳಿಕೊಂಡು, ಅದನ್ನೇ ಇಂಗ್ಲಿಷಿಗೆ ತಂದೆ. ನಿಲ್ಮಿಣಿ ಸಿಂಹಳಕ್ಕೆ ಒಯ್ದಳು.

ಗುಣದಾಸರ ಜೋಡಣೆ ಮೊದಲ ದಿನದಿಂದಲೂ ಸರಿಯಿತ್ತು. ಕೆಟ್ಟದ್ದು ನಮ್ಮ ಗಿಯರು. ಅನುಮಾನವಿದ್ದೂ ತಪ್ಪನ್ನು ಅವರ ಮೇಲೆ ಹಾಕಿ ಬರೆದವಳು ನಾನು. ಇಷ್ಟೇ ಹೇಳಿದ್ದು.

ಅಧ್ಯಕ್ಷರು ಜೇಬಿನಿಂದ ಬೀಗದ ಕೈ ತೆಗೆದು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, ಗುಣದಾಸರಿಗೆ ಕೊಟ್ಟರು. ಮುದುಕರು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸೀದಾ ಮೆಟ್ಟಿಲ ಕಡೆ ನಡೆದರು. ಆ ಸಲ ಕಿಟಕಿಗಳ ಬಳಿ ನಿಂತರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಕೆಳಗೇ ಇದ್ದೆ.

ಸ್ವಲ್ಪ ಹೊತ್ತಿಗೆ ಮೇಲೆ ಗಾಜು ಮಿನುಗಿತು, ಸರಿಯಿತು, ಮತ್ತೆ ಮಿನುಗಿತು. ಇಳಿಬಿಸಿಲು ಒಂದೊಂದೇ ಪಟ್ಟಿಯಲ್ಲಿ ಹಾದು ತೆಂಗಿನ ಗರಿಗಳ ಮೇಲೆ ಜಾರುತ್ತ ಹೋಯಿತು. ಜನ ಒಟ್ಟಿಗೆ ಕೂಗಿದರು. ನನ್ನ ಪಕ್ಕದಲ್ಲಿ ನಿಂತಿದ್ದ ನಿಲ್ಮಿಣಿ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು.

ದೀಪಸ್ತಂಭಕ್ಕೆ ಅವರ ಭಾಷೆಯಲ್ಲಿ ಏನನ್ನುತ್ತೀರಿ ಎಂದು ಕೇಳಿದೆ. "ಪ್ರದೀಪಾಗಾರಯ" ಎಂದಳು.

"ಇದನ್ನ ಮೊದಲ ದಿನಾನ ಹೇಳಿದ್ರ ತಿಳೀತಿತ್ತಲ್ರಿ" ಎಂದರು ಬಸಣ್ಣ.

ನಿಲ್ದಾಣ

ಹೊರಡುವ ಬೆಳಿಗ್ಗೆ ಗುಣದಾಸ ಮನೆಯಲ್ಲಿರಲಿಲ್ಲ. ಬೇಗ ಮೇಲೆ ಹತ್ತಿದ್ದಾರೆ ಎಂದಳು ನಿಲ್ಮಿಣಿ. ಅವರು ಎರಡು ದಿನದಿಂದಲೂ ನನ್ನೊಡನೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಆಡಬೇಕೆಂದು ನಿರೀಕ್ಷಿಸುವ ಹಕ್ಕು ನನಗಿರಲಿಲ್ಲ. ಅವಳಿಗಷ್ಟೇ ವಿದಾಯ ಹೇಳಿ ನಿಲ್ದಾಣಕ್ಕೆ ಬಂದೆವು.

ರೈಲು ಬಂದು ನಿಂತಿತು. ಬಸಣ್ಣ ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದರು. ಅಷ್ಟರಲ್ಲಿ ಪ್ಲಾಟ್‌ಫಾರ್ಮಿನ ತುದಿಯಿಂದ ಗುಣದಾಸ ಕಾಲೆಳೆಯುತ್ತ, ಕೈಯೆತ್ತಿ ಬೀಸುತ್ತ ಬರುವುದು ಕಂಡಿತು. ಹಿಂದೆ ನಿಲ್ಮಿಣಿ ಓಡುತ್ತಿದ್ದಳು. ಅವರು ಸೀದಾ ನನ್ನ ಮುಂದೆ ಬಂದು ನಿಂತು, ಕೈಗಡಿಯಾರ ತೋರಿಸಿ, ಏದುಸಿರು ಬಿಡುತ್ತ ಏನೋ ಹೇಳಿದರು.

"ಬೆಳಗಿನಿಂದ ಟೈಮ್ ನೋಡ್ತಿದ್ದಾರೆ" ಎಂದಳು ನಿಲ್ಮಿಣಿ. "ಪ್ರತಿ ಸುತ್ತಿಗೆ ಎರಡು ಸೆಕೆಂಡ್ ತಡ ಆಗ್ತಿದೆಯಂತೆ. ಗಿಯರ್ ಕಾರಣ ಇರಬಹುದಾ ಅಂತ ಕೇಳ್ತಿದ್ದಾರೆ."

ಗಾರ್ಡು ಸೀಟಿ ಊದಿದ.

"ಇರಬಹುದು" ಎಂದೆ. "ನೋಡೋಣ."

ಚೀಲ ಕೆಳಗಿಟ್ಟೆ. ಬಸಣ್ಣ ಕಾಲು ಹಿಂದೆ ತೆಗೆದರು. ರೈಲು ನಮ್ಮನ್ನು ಬಿಟ್ಟು ಹೋಯಿತು.

ಮತ್ತೆ ಅದೇ ಮೆಟ್ಟಿಲು ಹತ್ತಿದೆವು. ಬಸಣ್ಣ ಗಿಯರು ಕಳಚಿ ಹಲ್ಲು ಹಲ್ಲನ್ನೂ ನೋಡಿದರು, ನಾನು ನೋಡಿದೆ, ಗುಣದಾಸ ನೋಡಿದರು. ಎಲ್ಲ ಸರಿಯಿತ್ತು. ಆಮೇಲೆ ಬಸಣ್ಣ ಪಕ್ಕದ ಬೇರಿಂಗಿಗೆ ಬೆರಳು ಅದ್ದಿ, ಮೂಸಿ, ಎರಡು ಬೆರಳ ನಡುವೆ ಎಳೆದು ತೋರಿಸಿದರು. ಬೆಲ್ಲದ ಪಾಕದಂಥ ಎಣ್ಣೆ.

"ಯಾರ್ ಹಾಕ್ಯಾರ್ರಿ ಇಷ್ಟ ಗಟ್ಟಿ ಎಣ್ಣಿ?"

ಗುಣದಾಸ ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. ಯಂತ್ರ ಚೆನ್ನಾಗಿರಲಿ ಎಂದು ನಸುಕಿನಲ್ಲೇ ಬಂದು ಹಳೆಯ ಡಬ್ಬಿಯ ಎಣ್ಣೆಯನ್ನೆಲ್ಲ ಸುರಿದಿದ್ದರು. ಒರೆಸಿ, ತೆಳು ಎಣ್ಣೆ ಬಿಟ್ಟು ತಿರುಗಿಸಿದೆವು. ಅವರು ಗಡಿಯಾರ ಹಿಡಿದು ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು ನೋಡಿದರು. ಸರಿಹೋಗಿತ್ತು.

ಆಗ ಅವರು ಜೋರಾಗಿ ನಕ್ಕುಬಿಟ್ಟರು. ಆ ಗಾಜಿನ ಕೋಣೆಯ ತುಂಬ ಕೇಳುವಂಥ ನಗು. ನನ್ನ ಕಡೆ ತಿರುಗಿ, ಮಗಳನ್ನು ಕಾಯದೆ, ತಮಗೆ ಬರುವ ನಾಲ್ಕು ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಹುಡುಕಿ ಜೋಡಿಸಿ ಹೇಳಿದರು:

"ಮೇಡಂ. ಈ ಸಲ ತಪ್ಪು ನನ್ನದು."